ಒಂಬತ್ತು ಊರಲ್ಲಿ ಪಾಲು ಗೆದ್ದ ತೊಮೆ

ಕೊಗುರೆ ಮನೆತನದ ತೊಮೆ ತಂದೆಯ ಆಸ್ತಿಯಲ್ಲಿ ಪಾಲು ಗೆದ್ದದ್ದು ಒಂಬತ್ತು ಊರುಗಳಲ್ಲಿ. ಒಂಬತ್ತೂ ನಾಟಕದಲ್ಲಿ. ಹತ್ತನೆಯ ಸಲ ಆಡಿದ್ದು ತನ್ನ ಊರಿನಲ್ಲೇ. ಅಲ್ಲಿ ಏನಾಯಿತೆಂದು ಹೇಳುವ ಮೊದಲು ಅವಳ ಹೊಲದ ಮಾತು ಹೇಳಬೇಕು.

ಮನೆಯ ಹಿಂದಿನ ದಿಬ್ಬದ ಮೇಲೆ ಒಂದು ತುಂಡು ಹಿಪ್ಪುನೇರಳೆ ಹೊಲವಿತ್ತು. ಗುಡ್ಡದ ಒಣಗಾಳಿ ಮೊದಲು ಬಂದು ಬಡಿಯುವುದು ಅಲ್ಲಿಗೇ. ಆದರೂ ಎಲೆ ಚೆನ್ನಾಗಿ ಬರುತ್ತಿತ್ತು. ತೊಮೆ ಹನ್ನೆರಡನೆಯ ವಯಸ್ಸಿಗೆ ನೂಲು ತೆಗೆಯುವ ಕಾರ್ಖಾನೆಗೆ ಹೋದವಳು. ಕುದಿಯುವ ನೀರಿನಿಂದ ರೇಷ್ಮೆಗೂಡಿನ ಎಳೆ ಹುಡುಕಿ ಹುಡುಕಿ ಅವಳ ಬೆರಳ ತುದಿಗಳು ಬೆಂದ ಆಲೂಗಡ್ಡೆಯ ಸಿಪ್ಪೆಯಂತಾಗಿದ್ದವು. ಸಂಬಳ ನೇರವಾಗಿ ತಂದೆಯ ಕೈಗೆ ಹೋಗುತ್ತಿತ್ತು. ನಮ್ಮಲ್ಲಿ ಎಲ್ಲ ಕಾಗದಕ್ಕೂ ಸಹಿಯ ಬದಲು ಮುದ್ರೆ; ಸಂಬಳ ಮುಟ್ಟಿತೆಂದು ಒತ್ತಲು ಕಾರ್ಖಾನೆಯವರು ಪ್ರತಿ ಹುಡುಗಿಗೂ ಅವಳ ಹೆಸರಿನ ಒಂದು ಮರದ ಮುದ್ರೆ ಕೊರೆಸಿ ಕೊಟ್ಟಿದ್ದರು. ಕಿರುಬೆರಳಿನಷ್ಟು ದಪ್ಪದ್ದು. ಆ ಹಣದಿಂದ ತಂದೆ ದಿಬ್ಬದ ಹೊಲ ಕೊಂಡರು. "ಇದು ತೊಮೆಯ ಹೊಲ" ಎಂದು ಬಂದವರಿಗೆಲ್ಲ ಕೈ ತೋರಿಸಿ ಹೇಳುತ್ತಿದ್ದರು. ಕಚೇರಿಯಲ್ಲಿ ಬರೆಸಿದ್ದು ಮಾತ್ರ ತಮ್ಮದೇ ಹೆಸರಿಗೆ. ಹಾಗಲ್ಲದೆ ಬೇರೆ ರೀತಿಯಲ್ಲಿ ಬರೆಸಬಹುದೆಂದು ಅಂದು ಯಾರ ತಲೆಗೂ ಬರಲಿಲ್ಲ, ತೊಮೆಯ ತಲೆಗೂ.

ರೇಷ್ಮೆಯ ಬೆಲೆ ಬಿದ್ದು ಕಾರ್ಖಾನೆ ಮುಚ್ಚಿದಾಗ ಅವಳು ಮನೆಗೆ ಬಂದಳು. ಅವಳ ಮುದ್ರೆ ದೇವರ ಗೂಡಿನ ಡ್ರಾಯರು ಸೇರಿತು. ಮದುವೆಯ ಮಾತು ಎರಡು ಸಲ ಬಂತು. ಎರಡು ಸಲವೂ ರೇಷ್ಮೆಹುಳು ಜ್ವರಕ್ಕೆ ಕೂತು ಪೊರೆ ಬಿಡುವ ಕಾಲ. "ಗೂಡು ಕಟ್ಟಲಿ, ಆಮೇಲೆ ನೋಡೋಣ" ಎಂದಳು ತಾಯಿ ಸುಯೆ. ಗೂಡು ಕಟ್ಟುವಷ್ಟರಲ್ಲಿ ಕೇಳಿದವರು ಬೇರೆ ಕಡೆ ಕೇಳಿದ್ದರು. ಬಳಿಕ ತಮ್ಮ ಯಸುಕೆ ಯುದ್ಧಕ್ಕೆ ಹೋದ, ತಂದೆಯ ಬೆನ್ನು ಬಾಗಿತು, ಮನೆಯ ನೊಗ ತೊಮೆಯ ಹೆಗಲಿಗೆ ಬಂತು.

ಯುದ್ಧ ಸೋತೆವು. ಗೆದ್ದ ಅಮೇರಿಕನ್ನರು ಜೀಪಿನಲ್ಲಿ ಬಂದರು. ಎರಡು ವರ್ಷ ಕಳೆಯುವುದರೊಳಗೆ ಹೊಸ ಕಾನೂನುಗಳೂ ಬಂದವು. ಮನೆಗೆ ಹಿರಿಯ ಮಗನೊಬ್ಬನೇ ಒಡೆಯನಲ್ಲ, ಹೆಣ್ಣುಮಕ್ಕಳಿಗೂ ಸಮಪಾಲು ಎಂದಿತು ಅದರಲ್ಲೊಂದು.

"ಸೋತ ಮನೆಗೆ ಗೆದ್ದವನು ಬಂದು ಒಲೆ ಯಾವ ದಿಕ್ಕಿಗಿರ್ಬೇಕು ಅಂತ ಹೇಳ್ತಾನೆ" ಎಂದರು ಗಂಡಸರು.

"ಅಡಿಗೆ ಮಾಡೋರು ನಾವು. ದಿಕ್ಕು ಸರಿಯಾಗಿದ್ರೆ ಯಾರು ಹೇಳಿದ್ರೇನು?" ಎಂದಳು ತೋಫು ಮಾರುವ ಹಾತ್ಸು. ಅವಳ ಬಾಯಿಗೆ ಹೆದರದವರಿರಲಿಲ್ಲ.

ಜಿಲ್ಲೆಯ ಅಮೇರಿಕನ್ ಕಚೇರಿಯಲ್ಲಿ ಮಿಸ್ ಗಾರ್ಲಂಡ್ ಎಂಬ ಅಧಿಕಾರಿಣಿ ಇದ್ದಳು. ಜನ ಅವಳನ್ನು ಜೀಪಮ್ಮ ಎನ್ನುತ್ತಿದ್ದರು. ಕೆಟ್ಟವಳಲ್ಲ. ಮಳೆಯಲ್ಲಿ ನೆಂದು ಊರೂರು ತಿರುಗಿದವಳು. ಹೊಸ ಕಾನೂನನ್ನು ಹಳ್ಳಿಯ ಹೆಂಗಸರಿಗೆ ತಿಳಿಸಲು ಒಂದು ನಾಟಕವಾಗಬೇಕೆಂದಳು. ಶಾಲೆಯ ಮೊಗಿ ಮೇಷ್ಟ್ರು ಬರೆದುಕೊಟ್ಟರು. ತಂದೆ ಸತ್ತ ಮೇಲೆ ಅಕ್ಕ ತನ್ನ ಪಾಲು ಕೇಳುತ್ತಾಳೆ, ತಮ್ಮ ಕೊಡುವುದಿಲ್ಲ, ಊರವರು ಸೇರಿ ಕೊಡಿಸುತ್ತಾರೆ. ಕೊನೆಯಲ್ಲಿ ಅಕ್ಕ ಪತ್ರವನ್ನು ತಮ್ಮನ ಕೈಗೇ ತಿರುಗಿ ಇಟ್ಟು ಹೇಳುತ್ತಾಳೆ: "ನನಗೂ ಹಕ್ಕಿದೆ ಅಂತ ಎಲ್ಲರೂ ಒಪ್ಪಿದ್ರಿ. ಅಷ್ಟೇ ಸಾಕು. ಹೊಲ ನಿನ್ನ ಹತ್ರಾನೇ ಇರ್ಲಿ, ತಮ್ಮ."

ಜೀಪಮ್ಮ ಹುಬ್ಬು ಗಂಟಿಕ್ಕಿದಳು. ಹವಾಯಿಯಲ್ಲಿ ಹುಟ್ಟಿದ ನಮ್ಮವರ ಹುಡುಗನೊಬ್ಬ ಅವಳಿಗೆ ದುಭಾಷಿ. ಅವನು ತಿರುಗಿಸಿ ಹೇಳಿದ: "ಸಿಕ್ಕಿದ್ದನ್ನ ವಾಪಸ್ ಯಾಕೆ ಕೊಡ್ತಾಳೆ ಅಂತ ಕೇಳ್ತಿದಾರೆ."

"ಕಹಿ ಔಷಧಿ. ಸ್ವಲ್ಪ ಸಕ್ಕರೆ ಇಲ್ದೆ ನಮ್ಮ ಜನ ನುಂಗಲ್ಲ ಅಂತ ಹೇಳಪ್ಪ" ಎಂದರು ಮೇಷ್ಟ್ರು.

ಜೀಪಮ್ಮ ಕೆಂಪು ಪೆನ್ಸಿಲಿನಿಂದ ಆ ಮಾತುಗಳ ಮೇಲೆ ಗೀಟೆಳೆದಳು. "ಇದು ನನ್ನ ಪಾಲು. ಇದನ್ನ ನಾನೇ ಉಳ್ತೀನಿ" ಎಂಬುದು ಹೊಸ ಕೊನೆಯಾಯಿತು. ಅಕ್ಕನ ಪಾತ್ರಕ್ಕೆ ನಿಂತ ತೊಮೆಗೆ ಗೀಟೆಳೆದದ್ದೇ ಒಳ್ಳೆಯದೆನಿಸಿತು. ಆ ಮಾತನ್ನಾಡುವಾಗ ಅವಳ ಕಣ್ಣ ಮುಂದೆ ಇರುತ್ತಿದ್ದುದು ದಿಬ್ಬದ ಹೊಲವೇ.

ತಮ್ಮನ ಪಾತ್ರ ಹಾತ್ಸುವಿನದು. ಮಸಿಯ ಮೀಸೆ ಬರೆದುಕೊಂಡು ಅವಳು ಗುಡುಗಿದರೆ ಮಕ್ಕಳು ಅಳುತ್ತಿದ್ದರು. ಮೊದಲ ಆಟ ನದಿಯಾಚೆಯ ಊರಿನಲ್ಲಿ. ಸುಯೆ ಮಗಳ ನಾಟಕ ನೋಡಲೆಂದು ಹೋಗಿ ಮುಂದಿನ ಸಾಲಿನಲ್ಲಿ ಕೂತು ಅಂಗಿಯ ತೋಳು ಒದ್ದೆಯಾಗುವಷ್ಟು ಅತ್ತಳು.

ಆ ಬೇಸಿಗೆಯಲ್ಲಿ ಯಸುಕೆ ಸೈಬೀರಿಯಾದ ಸೆರೆಯಿಂದ ಬಂದ. ಮುಂದಿನ ಹಲ್ಲುಗಳಿರಲಿಲ್ಲ. ಜವೆಗೋಧಿ ಬೆರೆಸಿದ ಅನ್ನವನ್ನು ಬಟ್ಟಲಿಗೆ ಮೈ ಬಾಗಿಸಿ, ಯಾರೋ ಕಸಿದುಕೊಳ್ಳುವರೆಂಬಂತೆ ಉಣ್ಣುತ್ತಿದ್ದ. ತೊಮೆ ತನ್ನ ಬಟ್ಟಲಿನದನ್ನೂ ಅವನಿಗೆ ಹಾಕುತ್ತಿದ್ದಳು. ಎಲೆ ಉದುರುವ ಕಾಲಕ್ಕೆ ತಂದೆ ತೀರಿಕೊಂಡರು. ನಲವತ್ತೊಂಬತ್ತನೆಯ ದಿನದ ಪೂಜೆ ಮುಗಿದ ಮೇಲೆ ಯಸುಕೆ ಒಮ್ಮೆ ಮಾತೆತ್ತಿದ.

"ಅಕ್ಕ, ದಿಬ್ಬದ ಹೊಲಕ್ಕೆ ಕೊನ್ಯಾಕು ಗೆಡ್ಡೆ ಹಾಕೋಣ. ಒಳ್ಳೆ ಬೆಲೆ ಇದೆ."

"ಅದು ಬೇಡ. ಅಲ್ಲಿ ಹಿಪ್ಪುನೇರಳೆನೇ ಇರ್ಲಿ" ಎಂದಳು ತೊಮೆ. ಅವನು ಮತ್ತೆ ಕೇಳಲಿಲ್ಲ. ಕೇಳಲಿಲ್ಲವೆಂದರೆ ಒಪ್ಪಿದನೆಂದು ಅವಳು ತಿಳಿದಳು.

ಮಾರ್ಚಿನಲ್ಲಿ ಒಂಬತ್ತನೆಯ ಊರಿನ ಆಟ ಮುಗಿಸಿ, ಅಲ್ಲಿಯವರು ಕೊಟ್ಟ ಉಪ್ಪು ಮೀನನ್ನು ಹುರಿಯಲ್ಲಿ ತೂಗಾಡಿಸಿಕೊಂಡು ತೊಮೆ ಊರ ದಾರಿ ಏರುತ್ತಿದ್ದಳು. ದಿಬ್ಬದ ಮೇಲೆ ಹೊಗೆ ಕಂಡಿತು. ಹೋಗಿ ನೋಡಿದರೆ ಗಿಡಗಳು ಬುಡಸಮೇತ ಕಿತ್ತು ಬಿದ್ದಿವೆ. ಬೇರುಗಳ ರಾಶಿಗೆ ಬೆಂಕಿ. ಯಸುಕೆ ಗುದ್ದಲಿ ಊರಿ ನಿಂತಿದ್ದ.

"ನಾಟಕ ಹೇಗಾಯ್ತು, ಅಕ್ಕ?"

"ಇದೇನೋ ಇದು?"

"ರೇಷ್ಮೆ ಯಾರಿಗೆ ಬೇಕು ಈಗ? ಅಮೇರಿಕದ ಹೆಂಗಸರೇ ನೈಲಾನ್ ಹಾಕ್ಕೊಳ್ತಾರೆ."

"ನನ್ನ ಹೊಲ ಕಣೋ."

ಅವನು ಗುದ್ದಲಿಗಂಟಿದ ಮಣ್ಣನ್ನು ಕಾಲಿನಿಂದ ಕೆರೆದ. "ಈಗ ಅಲ್ಲ. ಪಾಲು ಬೇಡ ಅಂತ ನಿನ್ನ ಮುದ್ರೆ ಬಿದ್ದಾಯ್ತು. ಕಚೇರೀಲಿ ನನ್ನ ಹೆಸರಿಗೆ ಆಗಿದೆ."

"ನಾನು ಎಲ್ಲಿ ಒತ್ತಿದೆ?"

"ಹೋದ ತಿಂಗಳು ನೀನು ಎಂಟನೇ ಊರಿಗೆ ಹೋಗಿದ್ಯಲ್ಲ, ಆಗ. ಅಮ್ಮ ಮುದ್ರೆ ತೆಗೆದುಕೊಟ್ಲು."

ತೊಮೆ ಮನೆಗೆ ಬಂದಳು. ಸುಯೆ ಉಪ್ಪಿನ ಮೂಲಂಗಿ ಹೆಚ್ಚುತ್ತಿದ್ದಳು. ಮಗಳ ಮುಖ ನೋಡಿದಳು, ಕತ್ತಿ ನಿಲ್ಲಿಸಲಿಲ್ಲ.

"ಅವನಿಗೆ ಮದುವೆ ಆಗ್ಬೇಕು. ಅಕ್ಕನಿಗೆ ಹೊಲ ಹರಿದುಕೊಟ್ಟ ಮನೆಗೆ ಯಾರು ಹೆಣ್ಣು ಕೊಡ್ತಾರೆ? ನಿಮ್ಮಪ್ಪನಿಗೆ ಧೂಪ ಹಾಕೋನು ಅವನು."

"ಮುಂದಿನ ಸಾಲಲ್ಲಿ ಕೂತು ಅತ್ತಿದ್ಯಲ್ಲಮ್ಮ."

"ಹೌದು, ಅತ್ತಿದ್ದೆ. ನಾಟಕದ ಆ ಹುಡುಗಿ ಪಾಪ, ದಿಕ್ಕಿಲ್ಲದೋಳು. ನಿನಗೇನಾಗಿದೆ? ತಾಯಿ ಇದೀನಿ, ತಮ್ಮ ಇದಾನೆ."

"ನನ್ನ ಒಂದು ಮಾತು ಕೇಳಬಹುದಿತ್ತು."

"ಕೇಳಿದ್ರೆ ನೀನು ಬೇಡ ಅಂತಿದ್ದೆ" ಎಂದಳು ಸುಯೆ, ಇದಕ್ಕಿಂತ ಸರಳವಾದ ಲೆಕ್ಕವಿಲ್ಲವೆಂಬಂತೆ.

ಮರುದಿನ ತೊಮೆ ಬಸ್ಸು ಹಿಡಿದು ಜಿಲ್ಲೆಯ ಪಟ್ಟಣಕ್ಕೆ ಹೋದಳು. ಜೀಪಮ್ಮ ಎಲ್ಲವನ್ನೂ ಕೇಳಿದಳು. ಅವಳ ಮುಖ ಕೆಂಪೇರಿತು, ಮೇಜು ಗುದ್ದಿದಳು. ದುಭಾಷಿಯ ಹುಡುಗ ಹೇಳಿದ: "ಇದು ಅಪರಾಧ ಅಂತಿದಾರೆ. ಪೊಲೀಸರಿಗೆ ಹೇಳಿ, ಕೋರ್ಟಿಗೆ ಹೋಗಿ. ಕಾನೂನು ಪೂರ್ತಿ ನಿಮ್ಮ ಕಡೆಗಿದೆ."

"ಯಾರ ಮೇಲೆ ಹೇಳ್ಬೇಕು?"

"ತಮ್ಮನ ಮೇಲೆ. ಮುದ್ರೆ ತೆಗೆದುಕೊಟ್ಟ ತಾಯಿ ಮೇಲೂ."

ತೊಮೆ ಹುಡುಗನ ಕಡೆ ತಿರುಗಿದಳು. "ಹೇಳಿದ ಮೇಲೆ ರಾತ್ರಿ ಊಟಕ್ಕೆ ನಾನು ಯಾರ ಮನೆಗೆ ಹೋಗ್ಲಿ, ಅದನ್ನೂ ಕೇಳಿ."

ಹುಡುಗ ಅದನ್ನು ಜೀಪಮ್ಮನಿಗೆ ತಿರುಗಿಸಲಿಲ್ಲ. ತನ್ನ ತಾಯಿಯಿಂದ ಕಲಿತ ಹಳೆಯ ಕಾಲದ ನುಡಿಯಲ್ಲಿ ಮೆಲ್ಲಗೆ ಅಂದ: "ಇದಕ್ಕೆ ಇವರ ಹತ್ರ ಉತ್ತರ ಇರಲ್ಲ, ಅಕ್ಕ."

ಜೀಪಮ್ಮ ಎದ್ದು ಬಂದು ತೊಮೆಯ ಎರಡೂ ಕೈ ಹಿಡಿದಳು. ಬೇಸಿಗೆಗೆ ಮೊದಲು ತಾನು ಸ್ವದೇಶಕ್ಕೆ ಮರಳುವುದಿದೆ, ಹೋಗುವ ಮುಂಚೆ ತೊಮೆಯ ಊರಿನಲ್ಲೇ ಆ ನಾಟಕ ನೋಡಬೇಕು, ಧೈರ್ಯ ಬಿಡಬಾರದು ಎಂದಳು.

ತೊಮೆ ಪೊಲೀಸರ ಬಳಿಗೆ ಹೋಗಲಿಲ್ಲ. ನಾಟಕ ಬಿಡಲೂ ಇಲ್ಲ. ಅವಳ ಮನಸ್ಸಿನಲ್ಲಿ ಒಂದು ವಿಚಾರ ಕೂತಿತ್ತು. ಊರಿಗೆಲ್ಲ ನಡೆದದ್ದು ಗೊತ್ತು. ಕೋರ್ಟು ಬೇಡ, ಹೊಲವೂ ಹೋಗಲಿ. ಇದು ತಪ್ಪು ಎಂದು ಊರು ಒಂದು ಸಲ ತಲೆ ತಗ್ಗಿಸಿದರೆ ಸಾಕು. ಅದಕ್ಕೆ ಒಂದು ದಾರಿ ಅವಳಿಗೆ ಹೊಳೆದಿತ್ತು.

ಶಾಲೆಯ ಹಜಾರ ತುಂಬಿತ್ತು. ಜೀಪಮ್ಮ ಮುಂದಿನ ಕುರ್ಚಿಯಲ್ಲಿ, ಪಕ್ಕದಲ್ಲಿ ಹುಡುಗ. ಮೂರನೆಯ ಸಾಲಿನಲ್ಲಿ ಸುಯೆ ಮತ್ತು ಯಸುಕೆ. ನಾಟಕದ ಕೊನೆಗೆ ಹಾತ್ಸು ಮೀಸೆ ನಡುಗಿಸುತ್ತ ಪತ್ರ ತಂದು ಕೊಟ್ಟಳು. ತೊಮೆ ತೆಗೆದುಕೊಂಡಳು. "ಇದು ನನ್ನ ಪಾಲು" ಎನ್ನಬೇಕಾದ ಜಾಗ ಅದು. ಅವಳು ಅನ್ನಲಿಲ್ಲ. ಪರದೆಯ ಮರೆಯಿಂದ ಮೊಗಿ ಮೇಷ್ಟ್ರು ಮೆಲ್ಲಗೆ ಮಾತು ಎತ್ತಿಕೊಟ್ಟರು. ಅವಳು ಪತ್ರವನ್ನು ಹಾತ್ಸುವಿನ ಕೈಗೆ ತಿರುಗಿ ಇಟ್ಟಳು; ಕಣ್ಣು ಮಾತ್ರ ಮೂರನೆಯ ಸಾಲಿನ ಮೇಲಿತ್ತು.

"ನನಗೂ ಹಕ್ಕಿದೆ ಅಂತ ಎಲ್ಲರೂ ಒಪ್ಪಿದ್ರಿ" ಎಂದಳು. "ಅಷ್ಟೇ ಸಾಕು. ಹೊಲ ನಿನ್ನ ಹತ್ರಾನೇ ಇರ್ಲಿ, ತಮ್ಮ."

ತಲೆಗಳು ತಗ್ಗುವುದನ್ನು ಅವಳು ಕಾದಳು.

ಮೊದಲು ಚಪ್ಪಾಳೆ ತಟ್ಟಿದವರು ಯಾರೋ ಹಿಂದಿನವರು. ಆಮೇಲೆ ಹಜಾರವೇ ತಟ್ಟಿತು. ಹಿಂದಿನ ಒಂಬತ್ತು ಊರುಗಳಲ್ಲಿ ಗೆದ್ದಾಗ ಬಿದ್ದ ಚಪ್ಪಾಳೆಗಳನ್ನೆಲ್ಲ ಸೇರಿಸಿದರೂ ಅಷ್ಟಾಗುತ್ತಿರಲಿಲ್ಲ. ಗಂಡಸರು ತಟ್ಟಿದರು. ಹೆಂಗಸರು ಕಣ್ಣೊರೆಸಿಕೊಂಡು ತಟ್ಟಿದರು. "ಎಂಥ ಅಕ್ಕ" ಎಂದಿತು ಒಂದು ಮುದುಕಿಯ ದನಿ. ಯಸುಕೆ ಹಲ್ಲಿಲ್ಲದ ಬಾಯಿ ಬಿಟ್ಟು ಅಳುತ್ತಿದ್ದ; ಅವನೂ ತಟ್ಟುತ್ತಿದ್ದ. ತನ್ನನ್ನು ಕ್ಷಮಿಸಿದಳೆಂದು ಅವನು ತಿಳಿದಿದ್ದ. ಜೀಪಮ್ಮ ಏನೋ ಕೇಳಲು ಹುಡುಗನ ಕಡೆಗೆ ಬಾಗಿದಳು. ಹುಡುಗ ತನ್ನ ಬೂಟುಗಳನ್ನು ನೋಡುತ್ತ ಕೂತಿದ್ದ. ಎಲ್ಲರೂ ಇಷ್ಟು ಮೆಚ್ಚಿದ್ದು ಕಂಡು ಜೀಪಮ್ಮನೂ ಎದ್ದು ನಿಂತು ಚಪ್ಪಾಳೆ ತಟ್ಟಿದಳು.

ಹಾತ್ಸು ಒಬ್ಬಳೇ ತಟ್ಟಲಿಲ್ಲ. ಪರದೆಯ ಹಿಂದೆ ಬಂದು ಮಸಿಯ ಮೀಸೆಯನ್ನು ತೋಳಿನಿಂದ ಒರೆಸಿಕೊಳ್ಳುತ್ತ, "ಹಾಳಾದೋಳೆ, ಇವರ ಮುಂದೆ ಯಾಕೆ ಹಾಗಂದೆ?" ಎಂದಳು.

ಆ ವಾರವೇ ಅವಳು ಊರು ಬಿಟ್ಟಳು. ಹೊರಡುವಾಗ ತಾಯಿಯಿಂದ ಕೇಳಿ ಪಡೆದದ್ದು ಒಂದೇ, ತನ್ನ ಮುದ್ರೆ. ಸುಯೆ ತಕರಾರಿಲ್ಲದೆ ಕೊಟ್ಟಳು. ಅದರಿಂದ ಇನ್ನು ಆಗಬೇಕಾದ ಕೆಲಸ ಏನೂ ಇರಲಿಲ್ಲ.

ಮಾಯೆಬಾಶಿ ಪಟ್ಟಣದಲ್ಲಿ ಆಗ ತಾನೆ ಮತ್ತೆ ತೆರೆದ ನೂಲಿನ ಕಾರ್ಖಾನೆಯೊಂದರಲ್ಲಿ ತೊಮೆ ಹುಡುಗಿಯರ ವಸತಿಯ ಮೇಲ್ವಿಚಾರಕಿಯಾದಳು. ಕೂದಲು ಹಣ್ಣಾಗುವವರೆಗೂ ಅಲ್ಲೇ ಇದ್ದಳು. ತಮ್ಮನ ಮದುವೆಯಾಯಿತು, ಗೆಡ್ಡೆ ಚೆನ್ನಾಗಿ ಬಂತು. ಪ್ರತಿ ವರ್ಷದ ಕೊನೆಗೆ ದಿಬ್ಬದ ಹೊಲದ ಗೆಡ್ಡೆಯಿಂದ ಮಾಡಿದ ಕೊನ್ಯಾಕು ತಿನಿಸಿನ ಒಂದು ಪೊಟ್ಟಣ ಅಕ್ಕನಿಗೆ ಬರುತ್ತಿತ್ತು. ಅವಳು ಅದನ್ನು ಬಿಚ್ಚದೆ ಅಡಿಗೆಮನೆಗೆ ಕಳಿಸುತ್ತಿದ್ದಳು. ಆ ದಿನ ಊಟಕ್ಕೆ ಬರುತ್ತಿರಲಿಲ್ಲ.

ಹುಡುಗಿಯರಿಗೆ ಅವಳೆಂದರೆ ಅಂಜಿಕೆಯೂ ಇತ್ತು, ಅಕ್ಕರೆಯೂ ಇತ್ತು. ಯಾರಿಗಾದರೂ ತಂದೆ ತೀರಿಕೊಂಡ ಸುದ್ದಿ ಬಂದರೆ ಅವಳ ಕೋಣೆಗೇ ಅಳುತ್ತ ಬರುತ್ತಿದ್ದರು, ರಜೆ ಕೇಳಲು. ಬೇರೆಯವರಾಗಿದ್ದರೆ ಮೊದಲು ನೀರು ಕೊಡುತ್ತಿದ್ದರು, ತಲೆ ಸವರುತ್ತಿದ್ದರು. ತೊಮೆ ಅದನ್ನೆಲ್ಲ ಆಮೇಲೆ ಮಾಡುತ್ತಿದ್ದಳು. ಮೊದಲು ಕೇಳುತ್ತಿದ್ದುದು ಒಂದೇ ಮಾತು.

"ನಿನ್ನ ಮುದ್ರೆ ಎಲ್ಲಿದೆ?"

ಹುಡುಗಿ ಅಳು ನಿಲ್ಲಿಸಿ, ಇದೆಂಥ ಪ್ರಶ್ನೆಯೆಂದು ಅವಳ ಮುಖ ನೋಡುತ್ತಿದ್ದಳು.

"ಮನೇಲೇ ಇದೆಯಮ್ಮ, ದೇವರ ಗೂಡಿನ ಡ್ರಾಯರಲ್ಲಿ. ಇನ್ನೆಲ್ಲಿರುತ್ತೆ?"