ಸ್ವಂತ ಕಣ್ಣಿಲ್ಲದ ಗಡಿಯಾರ

ಬೆಟ್ಟದ ಬುಡದ ಸಯೌಸಿ ಊರಿನ ರಸ್ತೆ ಬದಿಯಲ್ಲಿ ಟ್ರೌಟ್ ಮೀನು ಹುರಿದು ಮಾರುವ ಹೆಂಗಸರು ಬೇಕಾದಷ್ಟು ಜನ ಇದ್ದಾರೆ. ಅವರಲ್ಲಿ ನೂಬೆ ಎಂಬವಳ ಹತ್ತಿರ ಚೌಕಾಸಿ ಮಾಡಿ ಗೆದ್ದ ಗಿರಾಕಿ ಯಾರೂ ಇಲ್ಲ. ಕ್ವೆಂಕಾ ಪೇಟೆಯಿಂದ ಕಾರಿನಲ್ಲಿ ಬರುವ ದೊಡ್ಡ ಮನುಷ್ಯರೂ ಅವಳು ಹೇಳಿದಷ್ಟು ಕೊಟ್ಟು, ಮೀನಿನ ಜೊತೆ ಬೇಯಿಸಿದ ಮೆಕ್ಕೆಜೋಳ ತಿಂದು, ತೆಪ್ಪಗೆ ಎದ್ದು ಹೋಗುತ್ತಾರೆ. ತಾನು ಕೊಳ್ಳುವಾಗ ಮಾತ್ರ ಬೆಲೆ ಅರ್ಧಕ್ಕೆ ಇಳಿಸದೆ ಅವಳು ಅಂಗಡಿಯ ಮೆಟ್ಟಿಲು ಇಳಿದವಳಲ್ಲ. ಇದು ಅವಳ ಹೆಮ್ಮೆ. ಆ ಹೆಮ್ಮೆಯೇ ಕೊನೆಗೆ ಅವಳ ಕುತ್ತಿಗೆಗೆ ಬಂತು.

ಗಂಡ ಲೌರೊ ಮೀನಿನ ಕೊಳ ನೋಡಿಕೊಳ್ಳುವ ಆಳು. ಸಕ್ಕರೆ ಕಾಯಿಲೆ ಶುರುವಾಗಿದೆ, ದಿನಾ ನಡೆಯಪ್ಪಾ ಎಂದು ಡಾಕ್ಟರು ಹೇಳಿದರು. ನಡೆದ. ನಡಿಗೆ ಓಟವಾಯಿತು, ಓಟ ಹುಚ್ಚಾಯಿತು. ಐವತ್ತರ ಹತ್ತಿರ ಬಂದ ಗಂಡಸು ಭಾನುವಾರ ಬಂತೆಂದರೆ ಬಸ್ಸು ಹತ್ತಿ ಕಹಾಸ್ ಬೆಟ್ಟದ ಮೇಲಿನ ಹುಲ್ಲುಗಾವಲಿಗೆ ಹೋಗಿ, ಕೆರೆಯಿಂದ ಕೆರೆಗೆ ಓಡುತ್ತಿದ್ದ. ಪಕ್ಕದಂಗಡಿಯವರು ಸುಮ್ಮನಿರುತ್ತಾರೆಯೇ?

"ಅಲ್ಲ ನೂಬೆ, ನಿನ್ ಗಂಡನ್ನ ಯಾರು ಅಟ್ಟಿಸ್ಕೊಂಡು ಹೋಗ್ತಿದಾರೆ? ನೀನೇನಾ?"

"ನಾನಾಗಿದ್ರೆ ಯಾವತ್ತೋ ಹಿಡಿದು ಹಾಕ್ತಿದ್ದೆ ಬಿಡು," ಎಂದು ಅವಳೂ ನಗುತ್ತಿದ್ದಳು.

ಆ ನಗು ಒಂದು ದಿನ ನಿಂತಿತು. ಬೆಳಿಗ್ಗೆ ಅವಳ ಅಂಗಡಿಯಲ್ಲಿ ಚಕ್ಕೆ ಹಾಕಿದ ಬಿಸಿ ಬೆಲ್ಲದ ನೀರು ಕುಡಿದು ಬೆಟ್ಟಕ್ಕೆ ಹೋದ ಶಾಲೆಯ ಮೇಷ್ಟ್ರೊಬ್ಬರು ಮಂಜಿನಲ್ಲಿ ದಾರಿ ತಪ್ಪಿದರು. ಅಗ್ನಿಶಾಮಕದವರು ಮೂರನೆಯ ದಿನ ಕಂಬಳಿಯಲ್ಲಿ ಸುತ್ತಿದ ಹೆಣವನ್ನು ಬೆಟ್ಟದಿಂದ ಇಳಿಸಿ ಅವಳ ಒಲೆಯ ಮುಂದೆಯೇ ಹೊತ್ತುಕೊಂಡು ಹೋದರು. ರಸ್ತೆಯಿಂದ ಕೂಗಳತೆಯಲ್ಲೇ ಸತ್ತಿದ್ದರಂತೆ. ರಸ್ತೆ ಎಲ್ಲಿದೆ ಎಂದು ಗೊತ್ತಾಗಿರಲಿಲ್ಲ, ಅಷ್ಟೇ.

ಆ ಸಂಜೆ ನೂಬೆ ಗಂಡನಿಗೆ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದಳು. "ಓಟ ಬಿಡು, ಇಲ್ಲಾ ದಾರಿ ಗೊತ್ತಿರೋ ಗಡಿಯಾರ ಕಟ್ಕೊ. ನಿನ್ ಜೊತೆ ಓಡೋರು ಕಟ್ಕೋತಾರಲ್ಲ, ಬಂದ ದಾರೀನೇ ವಾಪಸ್ ತೋರ್ಸುತ್ತಂತಲ್ಲ, ಅದು."

ಕ್ವೆಂಕಾದ ಮಾರುಕಟ್ಟೆಯ ಹಿಂದೆ ತಾರ್ಹೇಲಿಯಾ ಎಂಬ ಹೆಂಗಸಿನ ಫೋನ್ ಅಂಗಡಿ. ಅವಳು ಗಾಜಿನ ಮೇಲೆ ಎರಡು ಗಡಿಯಾರ ಇಟ್ಟಳು. ಒಂದು ದಪ್ಪ, ಕಪ್ಪು, ಸುತ್ತಲೂ ಗುಂಡಿಗಳು, ಯಾರೋ ಓಟಗಾರ ಮಾರಿಹೋದದ್ದು, ಗಾಜೆಲ್ಲ ಗೀರು. ಇನ್ನೊಂದು ತೆಳ್ಳಗೆ, ಹೊಚ್ಚ ಹೊಸದು, ಮಿರಿಮಿರಿ ಮಿಂಚುವಂಥದು, ಮೊದಲಿನದರ ಅರ್ಧ ಬೆಲೆಗೆ. ಲೌರೊನ ಕೈ ನೇರ ದಪ್ಪದಕ್ಕೆ ಹೋಯಿತು.

"ಇದೇನು ಗಡಿಯಾರಾನಾ, ಬೂಟ್ ಪಾಲಿಶ್ ಡಬ್ಬೀನಾ?" ಎಂದಳು ನೂಬೆ.

"ಬೆಟ್ಟದೋರೆಲ್ಲ ಇದನ್ನೇ ಕಟ್ಟೋದು ಕಣೇ."

"ಬೇರೆಯೋರು ಬೆವರೊರೆಸಿ ಬಿಸಾಕಿದ್ದಕ್ಕೆ ಎರಡು ಪಟ್ಟು ಕೊಡ್ಬೇಕಾ?" ಅವಳು ತಾರ್ಹೇಲಿಯಾ ಕಡೆ ತಿರುಗಿದಳು. "ಈ ತೆಳ್ಳಗಿರೋದಕ್ಕೂ ದಾರಿ ಗೊತ್ತಾ?"

"ಗೊತ್ತು ಅಕ್ಕಾ. ಜಿಪಿಎಸ್ ಅಂತ ಡಬ್ಬಿ ಮೇಲೇ ಇದೆ ನೋಡಿ. ನೀರು ಬಿದ್ರೂ ಏನಾಗಲ್ಲ."

ಅಷ್ಟು ಸಾಕಾಯಿತು. ಆ ಅರ್ಧ ಬೆಲೆಯಲ್ಲೂ ಇನ್ನಷ್ಟು ಕಡಿಮೆ ಮಾಡಿಸಿ, ಮೇಲೊಂದು ಪಟ್ಟಿಯನ್ನೂ ಬಿಟ್ಟಿ ಕಿತ್ತುಕೊಂಡು ನೂಬೆ ಗೆದ್ದವಳಂತೆ ಹೊರಬಂದಳು. ಲೌರೊ ಎರಡು ಸಲ ಹಿಂತಿರುಗಿ ಆ ದಪ್ಪ ಗಡಿಯಾರವನ್ನು ನೋಡಿದ. ಹೆಂಡತಿ ವ್ಯಾಪಾರಕ್ಕೆ ಇಳಿದಾಗ ಅವನು ಬಾಯಿ ಹಾಕಿದ್ದು ಯಾವತ್ತೂ ಇಲ್ಲ.

ಮನೆಗೆ ಬಂದ ಮೇಲೆ ನೂಬೆ ಅವನಿಂದ ಆಣೆ ಹಾಕಿಸಿದಳು. "ಮಂಜು ಬಂತು ಅಂದ್ರೆ ಅಲ್ಲೇ ನಿಂತು ಗಡಿಯಾರ ನೋಡು. ಅದು ದಾರಿ ತೋರ್ಸೋವರೆಗೂ ಒಂದು ಹೆಜ್ಜೆ ಇಡ್ಬೇಡ. ನಿನ್ ಬುದ್ಧಿ ಓಡಿಸ್ಬೇಡ." ಲೌರೊ ದೇವಮಾತೆಯ ಪಟದ ಮುಂದೆ ಕೈಯಿಟ್ಟು ಹೂಂ ಎಂದ. ಮುಂದಿನ ಭಾನುವಾರಗಳಲ್ಲಿ ಗಡಿಯಾರ ಕೈಯಲ್ಲಿ, ಫೋನ್ ಸೊಂಟದ ಚೀಲದಲ್ಲಿ ಇಟ್ಟುಕೊಂಡು ಓಡಿದ. ತಾನು ಓಡಿದ ದಾರಿ ಫೋನಿನಲ್ಲಿ ಬಣ್ಣದ ಗೆರೆಯಾಗಿ ಮೂಡಿದ್ದನ್ನು ಸಂಜೆ ಹೆಂಡತಿಗೆ ತೋರಿಸುತ್ತಿದ್ದ. ಅವಳು ಆ ಗೆರೆ ನೋಡಿ ನೆಮ್ಮದಿಯಾಗಿ ಮಲಗುತ್ತಿದ್ದಳು.

ಆಮೇಲೊಂದು ದಿನ ಅವಳ ಫೋನ್ ಮೀನು ತೊಳೆಯುವ ಬಕೆಟ್ಟಿಗೆ ಬಿದ್ದು ಸತ್ತಿತು. ಭಾನುವಾರ ಹೊರಡುವಾಗ ಲೌರೊ ತನ್ನದನ್ನೇ ಅವಳ ಕೈಗಿಟ್ಟ. "ಗಿರಾಕಿಗಳು ಇದಕ್ಕೂ ಫೋನ್ ಮಾಡ್ತಾರೆ, ನೀನೇ ಇಟ್ಕೊ. ನಂಗೆ ದಾರಿ ತೋರ್ಸೋಕೆ ಇದಿದೆಯಲ್ಲ," ಎಂದು ಮುಂಗೈ ಎತ್ತಿ ತೋರಿಸಿ ಬಸ್ಸು ಹತ್ತಿದ. ಅವಳು ಕೈ ಬೀಸಿ ಕಳಿಸಿದಳು.

ಮಧ್ಯಾಹ್ನದ ಹೊತ್ತಿಗೆ ಮಂಜು ಕವಿದು ಬೆಟ್ಟ ಕಾಣದಂತಾಯಿತು. ಊಟದ ಹೊತ್ತಿಗೆ ಬರಬೇಕಾದವನು ಬರಲಿಲ್ಲ. ಮೇಲಿನಿಂದ ಇಳಿದ ಒಂದೊಂದು ಬಸ್ಸಿನ ಬಾಗಿಲನ್ನೂ ನೋಡಿದಳು. ಎಲ್ಲಿಗೆ ಬಂದಿದ್ದಾನೆ ಎಂದು ತಿಳಿಯಲು ಫೋನ್ ತೆರೆದರೆ ಹಳೆಯ ಭಾನುವಾರದ ಗೆರೆಯೇ ಇತ್ತು. ಕೆಳಗೆ ‘ಗಡಿಯಾರ ಸಂಪರ್ಕದಲ್ಲಿಲ್ಲ’ ಎಂದಿತ್ತು. ಅವಳು ತಾರ್ಹೇಲಿಯಾಳಿಗೆ ಫೋನ್ ಮಾಡಿದಳು.

"ಅಕ್ಕಾ, ಆ ಅಗ್ಗದ್ದಕ್ಕೆ ಸ್ವಂತ ಕಣ್ಣಿರಲ್ಲ," ಎಂದಳು ತಾರ್ಹೇಲಿಯಾ. "ಅದು ದಾರಿ ನೋಡೋದು ಫೋನಿನ ಕಣ್ಣಲ್ಲೇ. ನಂಗೂ ಮೊನ್ನೆ ಮೊನ್ನೆ ಗೊತ್ತಾಗಿದ್ದು. ಪರವಾಗಿಲ್ಲ ಬಿಡಿ, ಫೋನ್ ಅವ್ರ ಹತ್ರಾನೇ ಇದೆ ತಾನೇ?"

"ಅದ್ರಲ್ಲೇ ನಿನ್ ಜೊತೆ ಮಾತಾಡ್ತಿದೀನಿ," ಎಂದಳು ನೂಬೆ.

ತಾರ್ಹೇಲಿಯಾಳ ದನಿ ತಗ್ಗಿತು. "ಫೋನ್ ತಗೊಂಡು ಮೇಲಕ್ಕೆ ಹೋಗಿ. ಗಡಿಯಾರ ಹತ್ರ ಇದ್ರೆ ತಾನಾಗೇ ಹಿಡ್ಕೊಳ್ಳುತ್ತೆ. ಹುಡುಕೋ ಗುಂಡಿ ಅಂತ ಒಂದಿದೆ, ಒತ್ತಿದ್ರೆ ಗಡಿಯಾರ ಕೂಗುತ್ತೆ. ಆದ್ರೆ ತೀರಾ ಹತ್ರ ಇರ್ಬೇಕು ಅಕ್ಕಾ."

ಎಣ್ಣೆ ಒಲೆಯ ಮೇಲೆಯೇ ಇತ್ತು. ನೂಬೆ ಹಾಗೇ ಎದ್ದು ಬಸ್ಸಿಗೆ ಅಡ್ಡ ನಿಂತಳು.

ಮೇಲೆ ಬೆಟ್ಟದ ಕಾವಲು ಗುಡಿಸಲಲ್ಲಿದ್ದ ಕಾವಲುಗಾರ ಸೆಗುಂದೊ, "ನೀವು ಗುಡಿಸಲಲ್ಲೇ ಕೂತಿರಿ ಅಮ್ಮಾ, ಅವ್ರು ಇಳಿದಿಲ್ಲ ಅಂತ ಗೊತ್ತಾಗಿ ಎರಡು ತಂಡ ಆಗ್ಲೇ ಹುಡುಕೋಕೆ ಹೋಗಿದೆ," ಎಂದ. ಅವಳು ಕೂರಲಿಲ್ಲ. ಬಯ್ಯುತ್ತಲೇ ಅವನೂ ಜೊತೆಗೆ ಬಂದ. ತನ್ನ ಕೈ ತನಗೆ ಕಾಣದಂಥ ಮಂಜು. ಕಾಲಿಟ್ಟಲ್ಲೆಲ್ಲ ಜೌಗು. ಲೌರೊ, ಲೌರೊ ಎಂದು ಕೂಗಿದಳು, ಗಾಳಿ ಆ ಕೂಗನ್ನು ಎಲ್ಲಿಗೋ ಹೊತ್ತೊಯ್ದಿತು. ಚಳಿಗೆ ಫೋನಿನ ಚಾರ್ಜು ಕಣ್ಣೆದುರೇ ಇಳಿಯುತ್ತಿತ್ತು. ಅವಳು ಅದನ್ನು ರವಿಕೆಯೊಳಗೆ ಎದೆಗೆ ಒತ್ತಿ ಇಟ್ಟುಕೊಂಡು, ಆಗಾಗ ತೆಗೆದು ನೋಡಿದಳು. ಸಂಪರ್ಕದಲ್ಲಿಲ್ಲ. ಮತ್ತೆ ನೋಡಿದಳು. ಸಂಪರ್ಕದಲ್ಲಿಲ್ಲ. ಮೇಷ್ಟ್ರ ಕಂಬಳಿಯಿಂದ ಹೊರಗೆ ಚಾಚಿದ್ದ ಬೂಟು ಕಣ್ಣ ಮುಂದಿನಿಂದ ಹೋಗಲೊಲ್ಲದು. ಆ ದಪ್ಪ ಗಡಿಯಾರವನ್ನು ಅವನು ಹಿಂತಿರುಗಿ ನೋಡಿದ್ದು ನೆನಪಾಗಿ ಅವಳಿಗೆ ತನ್ನ ನಾಲಿಗೆಯನ್ನೇ ಕಿತ್ತು ಬಿಸಾಡಬೇಕೆನಿಸಿತು. ದೇವರೇ, ಇನ್ನು ಜೀವಮಾನದಲ್ಲಿ ಯಾರ ಹತ್ತಿರವೂ ಚೌಕಾಸಿ ಮಾಡುವುದಿಲ್ಲ, ಅವನನ್ನು ಕೊಟ್ಟುಬಿಡು ಎಂದು ಬೇಡಿಕೊಂಡಳು. ಬದಲಿಗೆ ಕೊಡಲು ಅವಳ ಹತ್ತಿರ ಬೇರೆ ಏನೂ ಉಳಿದಿರಲಿಲ್ಲ.

ಬೆಳಕು ಪೂರ್ತಿ ಇಳಿಯುವ ಮುಂಚೆ, ಒಂದು ಕೆರೆಯ ಅಂಚಿನಲ್ಲಿ ಫೋನಿನ ಮೇಲಿನ ಅಕ್ಷರ ಬದಲಾಯಿತು. ಗಡಿಯಾರ ಸಿಕ್ಕಿದೆ.

ಅವಳು ಗುಂಡಿ ಒತ್ತಿದಳು. ಎಲ್ಲೋ, ಮಂಜಿನೊಳಗೆ, ಮಕ್ಕಳ ಆಟದ ಸಾಮಾನಿನ ಹಾಗೆ ಸಣ್ಣಗೆ ಪೀಪೀ ಎಂದಿತು. ಅವಳು ಆ ಕಡೆ ಓಡಿದಳು. ನಾಲ್ಕು ಹೆಜ್ಜೆ ಹೋಗಿ ಬಂಡೆಯ ಹಿಂದೆ ಇಳಿದದ್ದೇ ಸಂಪರ್ಕ ತಪ್ಪಿತು, ಸದ್ದು ನಿಂತಿತು.

"ವಾಪಸ್ ಬನ್ನಿ," ಎಂದ ಸೆಗುಂದೊ. "ಮೊದಲು ಎಲ್ಲಿ ನಿಂತಿದ್ರೋ ಅಲ್ಲೇ ನಿಲ್ಲಿ. ಅಲ್ಲಾಡ್ಬೇಡಿ. ನೀವು ಒತ್ತಾ ಇರಿ, ನಾನು ಹೋಗ್ತೀನಿ."

ಗಂಡ ಅಷ್ಟು ಹತ್ತಿರ ಇದ್ದಾನೆ, ಅವಳು ಕಾಲು ಕಿತ್ತಿಡುವ ಹಾಗಿಲ್ಲ. ಮೊಣಕಾಲುದ್ದದ ಜೌಗಿನಲ್ಲಿ ನಿಂತು ಒತ್ತಿದಳು. ಸದ್ದು ನಿಂತ ಕೂಡಲೇ ಮತ್ತೆ ಒತ್ತಿದಳು. ಸೆಗುಂದೊನ ಬೆಳಕು ಮಸುಕಾಗಿ ಕಾಣದಾಯಿತು. ಆಮೇಲೆ ಅವನ ದನಿ ಬಂತು. "ಸಿಕ್ಕಿದ್ರು."

"ಉಸಿರಿದೆಯಾ?" ಅವಳ ದನಿ ಅವಳಿಗೇ ಕೇಳಿಸಲಿಲ್ಲ. ಮತ್ತೆ ಕೂಗಿದಳು. "ಉಸಿರಿದೆಯಾ ಹೇಳಣ್ಣಾ."

"ಇದೆ," ಎಂದಿತು ದನಿ. "ಬನ್ನಿ. ಬೇಗ ಬನ್ನಿ."

ಆಸ್ಪತ್ರೆಯಲ್ಲಿ ಲೌರೊನ ಬಲಗಾಲಿನ, ಚಳಿಗೆ ಸತ್ತುಹೋಗಿದ್ದ ಎರಡು ಬೆರಳು ತೆಗೆದರು. ಅವನನ್ನು ಹೊತ್ತು ತಂದ ಸೆಗುಂದೊ ನೋಡಲು ಬಂದಿದ್ದಾಗ ಒಂದು ಮಾತು ಹೇಳಿ ಹೋದ. ಲೌರೊ ಕೂತಿದ್ದ ಜಾಗದಿಂದ ಹಳ್ಳದ ಸದ್ದು ಕೇಳುತ್ತಿತ್ತು, ಹಳ್ಳ ಹಿಡಿದು ಇಳಿದಿದ್ದರೆ ಕತ್ತಲಾಗುವ ಮುಂಚೆಯೇ ರಸ್ತೆ ಸಿಗುತ್ತಿತ್ತು, ಮೀನಿನ ಕೊಳದ ಆಳಿಗೆ ಅಷ್ಟು ತಿಳಿಯದೇ ಎಂದ.

ನೂಬೆ ಬೈಸಿಕೊಳ್ಳಲು ತಯಾರಾಗಿಯೇ ಮಂಚದ ಪಕ್ಕ ಕೂತಿದ್ದಳು. ನಿನ್ನ ಅಗ್ಗದ ಬುದ್ಧಿಗೆ ಬೆಂಕಿ ಹಾಕ ಎಂದಾನು, ಎನ್ನಲಿ ಎಂದುಕೊಂಡಿದ್ದಳು. ಲೌರೊ ಕಣ್ಣು ತೆರೆದು, ಒಣಗಿದ ತುಟಿ ಒದ್ದೆ ಮಾಡಿಕೊಂಡ.

"ಹಳ್ಳದ ಸದ್ದು ಕೇಳ್ತಿತ್ತು ಕಣೇ," ಎಂದ. "ಆದ್ರೂ ಹೋಗ್ಲಿಲ್ಲ. ನೀನು ಹೇಳಿದ್ಯಲ್ಲ, ಅದು ದಾರಿ ತೋರ್ಸೋವರೆಗೂ ಹೆಜ್ಜೆ ಇಡ್ಬೇಡ ಅಂತ. ಅದನ್ನೇ ನೋಡ್ಕೊಂಡು ಕೂತಿದ್ದೆ."

ಹುಕುಂ ಪಾಲಿಸಿದ ಮಗುವಿನಂತೆ ಅವನು ಅವಳ ಮುಖ ನೋಡಿದ. ನೂಬೆ ಅವನ ಮುಂಗೈಯಿಂದ ಗಡಿಯಾರ ಬಿಚ್ಚಲು ಹೋದಳು. ಎಷ್ಟು ಎಳೆದರೂ ಪಟ್ಟಿಯ ಕೊಂಡಿ ಬಿಚ್ಚಲಾಗಲಿಲ್ಲ.