ಗೇಟಿನಾಚೆಯ ಅಣಬೆ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮೂಲೆಮನೆಯ ಗೇಟಿನ ಹೊರಗೆ ಹೆಂಗಸೊಬ್ಬರು ಮಂಡಿಯೂರಿ ಕೂತಿದ್ದಾರೆ. ಸರಳಿನ ಸಂದಿಯಲ್ಲಿ ಭುಜದವರೆಗೂ ತೋಳು ತೂರಿಸಿ, ಒಳಗಿನ ಹುಲ್ಲುಹಾಸಿನಲ್ಲಿ ರಾತ್ರಿಯ ಮಳೆಗೆ ಎದ್ದ ಅಣಬೆಗಳನ್ನು ಕೀಳುತ್ತಿದ್ದಾರೆ. ಕೈಗೆ ಹಾಲಿನ ಪ್ಯಾಕೆಟ್ಟೇ ಗವಸು. ಬುಡಕ್ಕೆ ಬೆರಳು ಹಾಕಿ, ಕೊಡೆ ಮುರಿಯದಂತೆ ಇಡಿಯಾಗಿ ಎತ್ತುತ್ತಾರೆ. ಚೂರು ಉಳಿದರೂ ಮಕ್ಕಳ ಕೈಗೆ ಸಿಗುತ್ತದೆ. ಈ ಮನೆಯವರು ಇವರನ್ನು ಕೆಲಸದಿಂದ ಬಿಡಿಸಿದ್ದಾರೆ. ಆದರೂ ಬರುತ್ತಾರೆ.

ಬೀದಿಯವರು ಇವರನ್ನು ಅಣಬೆ ಅಕ್ಕ ಎನ್ನುತ್ತಾರೆ. ಮೊದಲು ಪ್ರೀತಿಯಿಂದ, ಈಗ ಕುಹಕದಿಂದ. ಇಲ್ಲಿನ ಮನೆಗಳ ತೋಟ ನೋಡಿಕೊಳ್ಳುತ್ತಿದ್ದವರು ಇವರ ಗಂಡ. ಅವರ ಸೊಂಟ ಕೈಕೊಟ್ಟ ಮೇಲೆ ಕತ್ತರಿ, ಪೊರಕೆ ಇವರ ಪಾಲಿಗೆ ಬಂದವು. ಮಳೆಗಾಲದಲ್ಲಿ ಅಣಬೆಯದೇ ದೊಡ್ಡ ಕೆಲಸ. ಮಕ್ಕಳು ಏಳುವ ಮೊದಲು ಮನೆಮನೆಯ ಹುಲ್ಲು ತಡಕಬೇಕು. "ಯಾವುದು ವಿಷ, ಯಾವುದಲ್ಲ ಅಂತ ನಂಗೇನು ಗೊತ್ತು? ಅದಕ್ಕೇ ಒಂದನ್ನೂ ಬಿಡಲ್ಲ" ಎನ್ನುತ್ತಾರೆ.

ಮೂಲೆಮನೆಯಲ್ಲಿ ಇಷ್ಟೊಂದು ಅಣಬೆ ಏಳುವುದಕ್ಕೆ ಕಾರಣ ಮನೆಯ ಯಜಮಾನರೇ. ಅಂಗಳದ ಹಳೇ ಮರ ಕಡಿಸಿದವರು ಬೊಡ್ಡೆ ತೆಗೆಸಲಿಲ್ಲ; ಮೇಲೆ ಮಣ್ಣೆಳೆದು ಹುಲ್ಲು ಹಾಸಿಸಿದರು. ಒಳಗೊಳಗೇ ಕೊಳೆಯುವ ಮರ ಸುಮ್ಮನಿದ್ದೀತೇ? ಅದನ್ನು ಅಗೆಸಿ ಎಂದು ಅಕ್ಕ ಹೇಳಿದಾಗ, ಹುಲ್ಲು ಹಾಳಾಗುತ್ತದೆ ಎಂದು ಮಾತು ತೇಲಿಸಿಬಿಟ್ಟರು.

ಕಳೆದ ತಿಂಗಳು ಆ ಮನೆಗೆ ನೆಂಟರು ಬರುವವರಿದ್ದರು. ಮಣ್ಣು ಮೆತ್ತಿದ ಬಟ್ಟೆಯ ಹೆಂಗಸು ಅಂಗಳದಲ್ಲಿ ಕಂಡರೆ ಚೆನ್ನಾಗಿರುವುದಿಲ್ಲ, ನಾಳೆ ಬರಬೇಡ ಎಂದು ಅಕ್ಕನಿಗೆ ಹೇಳಿ ಕಳಿಸಿದರು. ರಾತ್ರಿ ಮಳೆ ಬಂತು. ಬೆಳಿಗ್ಗೆ, ಆಗಷ್ಟೇ ನಡೆಯಲು ಕಲಿತ ಯಜಮಾನರ ಮೊಮ್ಮಗಳು ಹುಲ್ಲಿಗಿಳಿದು ಅಣಬೆ ಬಾಯಿಗಿಟ್ಟುಕೊಂಡಳು. ವಾಂತಿ, ಆಸ್ಪತ್ರೆ, ಮನೆಯವರ ಗೋಳಾಟ. ಮಗು ಉಳಿಯಿತು, ಅಷ್ಟು ಪುಣ್ಯ. ತಪ್ಪು ಮಾತ್ರ ಯಾರ ತಲೆಗೆ ಬಂತು? ಬರಬೇಡ ಎನ್ನಿಸಿಕೊಂಡವರ ತಲೆಗೆ. ಇವಳ ಪೊರಕೆಯಿಂದಲೇ ಅಣಬೆ ಹಬ್ಬುತ್ತದೆ ಎಂದು ಬೀದಿಗೆಲ್ಲ ಸಾರಿಯೂ ಆಯಿತು. ಬೇರೆ ಕೆಲವು ಮನೆಗಳ ಬಾಗಿಲೂ ಮುಚ್ಚಿದವು. ಪತ್ರಿಕೆಗೆ ಇದನ್ನು ಬರೆಯುತ್ತಿರುವ ನನಗೇ ಮೈ ಉರಿಯುತ್ತದೆ.

ಯಜಮಾನರನ್ನು ಕೇಳಿದೆ. ಬರಬೇಡ ಅಂದದ್ದು ನಿಜ, ಆದರೆ ಜವಾಬ್ದಾರಿ ಅವಳಿಗಿರಬೇಕಿತ್ತು ಎಂದರು. ಇದೆಂಥ ನ್ಯಾಯ? ಬೊಡ್ಡೆಯ ಮಾತೆತ್ತಿದ್ದಕ್ಕೆ ನನಗೂ ಗೇಟು ತೋರಿಸಿದರು. ಮತ್ತೆ ಅಣಬೆ ಎದ್ದಿದೆ ಎಂದು ಕರೆಗಂಟೆ ಒತ್ತಿ ಎಚ್ಚರಿಸಲು ಹೋದರೆ ಅಕ್ಕನಿಗೆ ಸಿಗುವುದು ಬೈಗುಳ.

ಅಕ್ಕನ ಮಗಳಿಗೂ ಸಿಟ್ಟು. "ಅಷ್ಟು ಅನ್ನಿಸ್ಕೊಂಡ ಮೇಲೂ ನಿನಗ್ಯಾಕಮ್ಮ ಆ ಮನೆ ಉಸಾಬರಿ?" ಎಂದು ದಿನವೂ ಜಗಳ. ಅಕ್ಕ ಮಾತ್ರ ಬೆಳಗಾದರೆ ಪ್ಯಾಕೆಟ್ಟನ್ನು ಕೈಗೇರಿಸಿಕೊಂಡು ಹೊರಡುತ್ತಾರೆ.

ಮತ್ತೆ ಕೆಲಸಕ್ಕೆ ಕರೆಯಲಿ ಎಂಬ ಆಸೆಯೇ ಎಂದು ಕೇಳುತ್ತೇನೆ. ಅವರು ತೋಳು ಹೊರಗೆಳೆದುಕೊಂಡು, ಸರಳು ಒತ್ತಿ ಕೆಂಪಾದ ಭುಜ ತಿಕ್ಕಿಕೊಳ್ಳುತ್ತಾರೆ. ಬೊಡ್ಡೆ ಇರುವುದು ಅಂಗಳದ ನಡುವೆ. ಅಲ್ಲಿ ಬೆಳ್ಳಗೆ ಒಂದು ಗುಂಪು ಎದ್ದಿದೆ.

"ಕರೀದಿದ್ರೆ ಬೇಡ. ನನ್ನ ಕೈ ಇಲ್ಲೀವರೆಗೇ ಎಟುಕೋದು. ಪಾಪೂನ ಹೊರಗೆ ಬಿಡೋ ಮುಂಚೆ ಅಲ್ಲೊಂದ್ಸಲ ನೋಡಿ ಅಂತ ನಿಮ್ಮ ಪೇಪರಲ್ಲಿ ಬರೀರಿ. ನಾನು ಹೇಳಿದ್ರೆ ಅವ್ರು ಕೇಳಲ್ಲ."