ಕಡತಾ ಹಿಡಿದ ಸಮುದ್ರ

ಹೇಳಿದ ಬೆಲೆಗೆ ಯಾವ ವಸ್ತುವನ್ನೂ ಕೊಂಡವನಲ್ಲ ನಾನು. ಕೊತ್ತಂಬರಿ ಕೊಂಡರೂ ಮೇಲೆ ನಾಲ್ಕು ಹಸಿಮೆಣಸಿನಕಾಯಿ ಹಾಕಿಸಿಕೊಳ್ಳದೆ ಅಲ್ಲಿಂದ ಕಾಲು ಕೀಳುವುದಿಲ್ಲ. ಒಮ್ಮೆ ಹಲ್ಲಿನ ಡಾಕ್ಟರು ಎರಡು ಹಲ್ಲು ಕೀಳಬೇಕು ಎಂದಾಗ, ಒಂದಕ್ಕೆ ಪೂರ್ತಿ ಹಿಡಿಯಿರಿ, ಎರಡನೆಯದಕ್ಕೆ ಅರ್ಧ ಮಾಡಿರಿ ಎಂದು ಬಾಯಿ ತೆರೆದುಕೊಂಡೇ ಕೈಸನ್ನೆ ಮಾಡಿದ್ದೆ. ಅವರು ನಗುತ್ತಾ ಒಪ್ಪಿದರು. ಇದನ್ನು ಜಿಪುಣತನ ಎನ್ನುವವರಿದ್ದಾರೆ. ಅವರಿಗೆ ಚೌಕಾಶಿಯ ಗಂಧವಿಲ್ಲ. ಜಿಪುಣನಿಗೆ ದುಡ್ಡು ಕೈಬಿಡುವುದೇ ಸಂಕಟ. ಚೌಕಾಶಿಯವನು ಹಾಗಲ್ಲ; ಇದು ತಕ್ಕ ಬೆಲೆ ಎಂದು ಮನಸ್ಸು ಒಪ್ಪಿತೋ, ಎಣಿಸಿ ಕೊಟ್ಟು ಮೇಲೊಂದು ಚಹಾ ಕುಡಿಸಿ ಕಳಿಸುತ್ತಾನೆ.

ವಲಾಂಡಿಯಲ್ಲಿ ಹುಟ್ಟಿ, ನಿಲಂಗಾದ ಕಾಳಿನ ಅಡತಿ ಅಂಗಡಿಯಲ್ಲಿ ಚೀಲ ಹೊಲಿಯುತ್ತಾ ಶುರುಮಾಡಿ, ಈಗ ಉದಗೀರದಲ್ಲಿ ಸ್ವಂತದ್ದೊಂದು ಬೇಳೆಯ ಗಿರಣಿ ಮಾಡಿಕೊಂಡವನು ನಾನು. ಈ ದಾರಿಯುದ್ದಕ್ಕೂ ನನ್ನನ್ನು ಕೈಹಿಡಿದು ನಡೆಸಿದ್ದು ಈ ವಿದ್ಯೆಯೇ. ಹೀಗಾಗಿ ಯಾರು ಏನು ಕೊಳ್ಳಲು ಹೊರಟರೂ, ಅವರು ಕೇಳಲಿ ಬಿಡಲಿ, ನನ್ನದೊಂದು ಸಲಹೆ ಇದ್ದೇ ಇರುತ್ತದೆ. ಬೀಗರು ಟ್ರ್ಯಾಕ್ಟರ್ ಕೊಳ್ಳುವ ಸುದ್ದಿಯನ್ನು ನನ್ನಿಂದ ಮುಚ್ಚಿಟ್ಟಿದ್ದು ಅದಕ್ಕೇ ಎಂದು ಆಮೇಲೆ ತಿಳಿಯಿತು.

ಇಂಥವನ ಮುಂದೆ ಹೋದ ವರ್ಷ ನನ್ನ ಹೆಂಡತಿ ಮಹಾನಂದಾ ಫೋನು ಹಿಡಿದು ಬಂದಳು. ಆಕೆ ಕೇಳುವವಳೇ ಅಲ್ಲವೆಂದೇನೂ ಇಲ್ಲ. ಮಿಕ್ಸರ್ ಕೇಳಿದ್ದಾಳೆ, ಅಡುಗೆಮನೆಗೆ ಇನ್ನೊಂದು ಕಿಟಕಿ ಕೇಳಿದ್ದಾಳೆ, ಮಗನಿಗೆ ಹೆಣ್ಣು ತಾನೇ ಆರಿಸುತ್ತೇನೆಂದು ಹಟ ಹಿಡಿದು ಗೆದ್ದಿದ್ದಾಳೆ. ಆದರೆ ಅವೆಲ್ಲ ಮನೆಗೆಂದು ಕೇಳಿದವು. ಇದು ಬೇರೆ. ಫೋನಿನಲ್ಲಿ ಒಂದು ಬಿಳಿ ಹಡಗು ಇತ್ತು.

"ರೀ, ಇದರಾಗ ಒಮ್ಮಿ ಹೋಗಬೇಕಂತ ಮನಸಾಗ್ಯಾದ."

ಹಡಗಿನ ಪ್ರವಾಸದ ಹೆಸರು ನಾನೂ ಕೇಳಿದ್ದೆ. ಮುಂಬೈಯಿಂದ ದೊಡ್ಡ ಹಡಗುಗಳು ಹೊರಡುತ್ತವೆ, ಸಾವಿರಾರು ಮಂದಿ, ಹತ್ತಾರು ಅಂತಸ್ತು, ದರವೂ ಹೇಳಿಕೊಳ್ಳುವಂಥ ಭಾರಿಯಲ್ಲ. ಅದಕ್ಕೇ ಹೋಗೋಣ ಎಂದೆ. ಆಕೆ ತಲೆ ಅಲ್ಲಾಡಿಸಿದಳು.

"ಅದು ಹಡಗಲ್ರೀ, ತೇಲೋ ಲಾತೂರ. ಮಂದಿನೇ ನೋಡೂದಿದ್ರ ನಾ ನಿಮ್ಮ ಮೊಂಢಾಕ್ಕೇ ಬರ್ತೀನಲಾ? ಇದು ಸಣ್ಣದು. ನಮ್ಮ ಗಲ್ಲಿಯಷ್ಟು ಮಂದಿ. ಖೋಲಿ ಖಿಡಕಿ ತೆಗದ್ರ ಕೈಗೆ ಸಿಗೂ ಹಾಂಗ ಸಮುದ್ರ ಅದ."

ಲಾತೂರು ನಮ್ಮ ಜಿಲ್ಲೆಯ ದೊಡ್ಡ ಊರು, ಮೊಂಢಾ ಎಂದರೆ ನಮ್ಮ ಕಡೆ ಕಾಳಿನ ಪೇಟೆ. ಅಲ್ಲಿಯ ಗದ್ದಲ ಆಕೆಗೆ ಗೊತ್ತು. ದರ ಕೇಳಿದೆ. ಹೇಳಿದಳು. ಅಷ್ಟು ದುಡ್ಡಿಗೆ ಒಳ್ಳೆಯದೊಂದು ದೇವಣಿ ತಳಿಯ ಎತ್ತಿನ ಜೋಡಿ ಬಂದುಬಿಡುತ್ತದೆ, ಅದೂ ತಲೆಗೊಂದು ಜೋಡಿ. ಎತ್ತಾದರೆ ಹತ್ತು ವರ್ಷ ಹೊಲ ಉಳುತ್ತವೆ. ಹಡಗು ಒಂದು ವಾರ ಸುತ್ತಾಡಿಸಿ, ಹತ್ತಿಸಿಕೊಂಡ ಜಾಗದಲ್ಲೇ ಇಳಿಸಿ ಹೋಗುತ್ತದೆ.

ನನ್ನನ್ನು ಹೆಚ್ಚು ಕಾಡಿದ್ದು ಹಣವಲ್ಲ, ತರ್ಕ. ಹಡಗು ದೊಡ್ಡದಾದಷ್ಟೂ ಅಗ್ಗ, ಸಣ್ಣದಾದಷ್ಟೂ ತುಟ್ಟಿ! ದೊಡ್ಡದರಲ್ಲಿ ನಾಟಕಶಾಲೆ ಉಂಟು, ಅಂಗಡಿ ಸಾಲು ಉಂಟು, ಮಕ್ಕಳು ಜಾರಾಡುವ ನೀರಿನ ಕೊಳವೆ ಉಂಟು. ಸಣ್ಣದರಲ್ಲಿ ಇವೊಂದೂ ಇಲ್ಲ, ಆದ್ದರಿಂದ ಅದಕ್ಕೆ ಬೆಲೆ ಜಾಸ್ತಿ. ಇಲ್ಲದಿರುವುದಕ್ಕೆ ದುಡ್ಡು ಕೊಡುವ ವ್ಯಾಪಾರವನ್ನು ನಾನು ಅದುವರೆಗೆ ಕಂಡಿರಲಿಲ್ಲ. ಕಲ್ಲಿಲ್ಲದ ಬೇಳೆಗೆ ಹೆಚ್ಚು ಬೆಲೆ, ನಿಜ. ಮಂದಿಯನ್ನೂ ಕಲ್ಲಿನ ಹಾಗೆ ಆರಿಸಿ ತೆಗೆದು ಹಡಗು ಮಾರುತ್ತಾರೆಂದು ಹೊಳೆಯಲು ನನಗೆ ನಾಲ್ಕು ದಿನ ಹಿಡಿಯಿತು.

ಆ ದಿನಗಳಲ್ಲಿ ಮಹಾನಂದಾ ಒಂದು ಸಲವೂ ಮಾತೆತ್ತಲಿಲ್ಲ. ಅದೇ ಕಷ್ಟದ್ದು. ಆಕೆ ತನಗಾಗಿ ಎರಡನೆಯ ಸಲ ಕೇಳುವ ಪೈಕಿ ಅಲ್ಲ. ನಾನು ಸುಮ್ಮನಿದ್ದರೆ ಆ ಆಸೆ ಅಡುಗೆಮನೆಯ ಯಾವುದೋ ಡಬ್ಬಿಯ ತಳ ಸೇರಿ, ಆಕೆ ಮತ್ತೆಂದೂ ತನಗೆಂದು ಏನನ್ನೂ ಕೇಳಲಾರಳು ಎಂದು ನನಗೆ ಗೊತ್ತಿತ್ತು. ಹಾಗೆಂದು ಹೇಳಿದ ಬೆಲೆ ಕೊಡುವುದೇ? ಲಾತೂರಿನಲ್ಲಿ ಹಡಗಿನ ಟಿಕೀಟು ಮಾರುವ ಹೆಂಗಸೊಬ್ಬರ, ನಮ್ಮ ಕಡೆಯ ಮರ್ಯಾದೆಯ ಮಾತಿನಲ್ಲಿ ಬಾಯಿಯೊಬ್ಬರ, ಆಫೀಸು ಹುಡುಕಿಕೊಂಡು ಇಬ್ಬರೂ ಹೊರಟೆವು.

ಇಲ್ಲಿ ನಮ್ಮ ಪೇಟೆಯ ಒಂದು ಪದ್ಧತಿ ಹೇಳಬೇಕು. ರೈತ ತಂದ ಮಾಲು ತೂಗಿದ ಮೇಲೆ ಪೂರ್ತಿ ತೂಕಕ್ಕೆ ದುಡ್ಡು ಕೊಡುವುದಿಲ್ಲ. ಚೀಲದ ಭಾರ ಇಷ್ಟು, ಧೂಳಿಗೆ ಇಷ್ಟು, ಹಸಿಗೆ ಇಷ್ಟು ಎಂದು ಕಳೆಯುತ್ತಾರೆ. ಇದೇ ಕಡತಾ. ರೈತರು ಇದಕ್ಕೆ ಬೈಯುತ್ತಾರೆ, ಬೈಯಲೇಬೇಕು. ಆದರೆ ಆ ಲೆಕ್ಕ ನನ್ನ ರಕ್ತದಲ್ಲಿ ಇಳಿದುಬಿಟ್ಟಿದೆ. ಕುರ್ಚಿಯಲ್ಲಿ ಕೂತವನೇ ಕೇಳಿದೆ, ಈ ದರದಲ್ಲಿ ಏನೇನು ಸೇರಿದೆ? ಎಲ್ಲವೂ, ಎಂದರು ಆ ಬಾಯಿ ಹೆಮ್ಮೆಯಿಂದ. ನನಗೆ ಬೇಕಾಗಿದ್ದು ಅದೇ.

"ಹಾಂಗಾರ ಕೇಳ್ರಿ ಬಾಯಿ. ನಾವು ಲಿಂಗವಂತರು, ದಾರೂ ಮುಟ್ಟಂಗಿಲ್ಲ. ಅದರದು ಕಡತಾ ಹಿಡೀರಿ. ಮೀನ, ಮಟನ್ ತಿನ್ನಂಗಿಲ್ಲ, ಅದೂ ಹಿಡೀರಿ. ಇಕಿ ಈಸಂಗಿಲ್ಲ, ನಾ ಕುಣ್ಯಂಗಿಲ್ಲ. ಈಸೂ ಹೊಂಡಾ, ಹಾಡು ಬಾಜಾ, ಎಲ್ಲಾ ತೆಗೀರಿ. ಮೈ ತಿಕ್ಕಿ ಎಣ್ಣಿ ಹಚ್ಚೂದು ಒಂದು ಬರದೀರಲಾ, ಅದು ನಮ್ಮ ಮನ್ಯಾಗ ದೀಪಾವಳಿಗಿ ಅದೇ ಅದ."

ಆ ಬಾಯಿ ಪೆನ್ನು ಕೆಳಗಿಟ್ಟರು. "ಕಾಕಾ, ಹ್ಯಾತ ಕಾಹೀ ಕಮೀ ಹೋತ ನಾಹೀ," ಎಂದರು ಮರಾಠಿಯಲ್ಲಿ, ಇದರಲ್ಲಿ ಏನೂ ಕಡಿಮೆಯಾಗುವುದಿಲ್ಲ ಎಂದು. ಕಡಿಮೆಯಾಗುವುದಿಲ್ಲ ಎಂಬ ಮಾತನ್ನು ನಾನು ಸುಗ್ಗಿಯಲ್ಲಿ ದಿನಕ್ಕೆ ನೂರು ಸಲ ಕೇಳುವವನು. ಅದು ಮಾತುಕತೆಯ ಆರಂಭವೇ ಹೊರತು ಕೊನೆಯಲ್ಲ. ನಾನು ಇನ್ನೂ ಕಳೆಯುತ್ತಾ ಹೋದೆ. ಹಾಸಿಗೆಯ ಮೇಲೆ ಇಡುವ ಚಾಕಲೇಟು, ನನಗೆ ಸಕ್ಕರೆ ಕಾಯಿಲೆ. ಬೆಳಗಿನ ಯೋಗ, ನನಗೆ ಸೊಂಟನೋವು. ಮೂರು ಥರದ ದಿಂಬು, ನನಗಿರುವುದು ಒಂದೇ ತಲೆ.

ಆಗ ಪಕ್ಕದಲ್ಲಿ ಕೂತ ಮಹಾನಂದಾ ಮೆಲ್ಲಗೆ ಹೇಳಿದಳು: "ಎಲ್ಲಾ ಕಡತಾ ಹಿಡದ್ರಿ. ಈಗ ಏನ ಉಳೀತು? ಬರೇ ನೀರು. ನನಗ ಬೇಕಾಗಿದ್ದು ಅದೇ ಅದರೀ."

ಆ ಬಾಯಿ ನಕ್ಕುಬಿಟ್ಟರು. ನಾನು ನಗಲಿಲ್ಲ. ವ್ಯಾಪಾರದಲ್ಲಿ ಎದುರಿನವನು ಏನು ಮಾರುತ್ತಾನೆ ಎಂದು ನೋಡುವುದನ್ನು ಕಲಿತಿದ್ದೆನೇ ಹೊರತು, ಪಕ್ಕದಲ್ಲಿದ್ದವಳು ಏನು ಕೊಳ್ಳಲು ಬಂದಿದ್ದಾಳೆ ಎಂದು ನೋಡಿರಲಿಲ್ಲ.

ನಮ್ಮ ಹಿರಿಯರು ಎತ್ತಿನ ಮೇಲೆ ಜೋಳ ಹೇರಿಕೊಂಡು ಘಟ್ಟ ಇಳಿದು ಕರಾವಳಿಗೆ ಹೋಗುತ್ತಿದ್ದರೆಂದು ಅಜ್ಜ ಹೇಳುತ್ತಿದ್ದ. ಜೋಳ ಇಳಿಸಿ ಉಪ್ಪು ಹೇರಿಕೊಂಡು ತಿರುಗಿಬಿಡುತ್ತಿದ್ದರಂತೆ. ವಿಚಾರ ಮಾಡಿದರೆ ಉಪ್ಪೆಂದರೇನು? ನೀರನ್ನು ಕಡತಾ ಹಿಡಿದ ಸಮುದ್ರ. ತಲೆತಲಾಂತರದಿಂದ ನಾವು ಸಮುದ್ರದ ಲಾಭವನ್ನಷ್ಟೇ ಮನೆಗೆ ತಂದು, ನೀರನ್ನು ಅಲ್ಲೇ ಬಿಟ್ಟು ಬಂದವರು. ಆಮೇಲೆ ಒಂದು ಕಾಲದಲ್ಲಿ ನಮ್ಮ ಲಾತೂರು ಸೀಮೆಗೆ ಕುಡಿಯುವ ನೀರೇ ರೈಲು ಹತ್ತಿ ಬರಬೇಕಾಯಿತು. ಇಂಥ ಊರಿನ ಹೆಂಗಸಿಗೆ ಸುತ್ತ ನೋಡಿದಷ್ಟೂ ನೀರೇ ಇರುವ ಜಾಗದಲ್ಲಿ ಒಂದು ವಾರ ಕೂರಬೇಕೆನಿಸಿದರೆ, ಅದನ್ನು ಷೋಕಿ ಎಂದು ಹೇಗೆ ಹೇಳುವುದು?

ಆದರೂ ಮಾದರಿ ನೋಡದೆ ಮಾಲು ಕೊಳ್ಳುವುದು ನನ್ನಿಂದಾಗದು. ಚೀಲಕ್ಕೆ ಕೈಹಾಕಿ ಒಂದು ಹಿಡಿ ತೊಗರಿ ತೆಗೆದು, ಒಂದು ಕಾಳು ಹಲ್ಲಿನಲ್ಲಿ ಕಡಿದರೇನೇ ನನಗೆ ಸಮಾಧಾನ. ಸಮುದ್ರಕ್ಕೂ ಮಾದರಿ ಇರಲೇಬೇಕಲ್ಲ? ಮುಂಬೈಯಲ್ಲಿ ನಮ್ಮ ಬೇಳೆ ಕೊಳ್ಳುವವರೊಬ್ಬರ ಮನೆಯ ಮದುವೆಗೆ ಹೋದಾಗ, ಅಲಿಬಾಗದ ಕಡೆ ಜನರನ್ನು ದಾಟಿಸುವ ದೋಣಿ ಹತ್ತಿದೆವು. ಹೆಚ್ಚೆಂದರೆ ಒಂದು ತಾಸಿನ ದಾರಿ. ಟಿಕೀಟಿನಲ್ಲಿ ಚೌಕಾಶಿ ನಡೆಯಲಿಲ್ಲ, ಪ್ರಯತ್ನವೇನೋ ಮಾಡಿದೆ.

ದೋಣಿ ದಡ ಬಿಟ್ಟು ಹೊರಬಿದ್ದದ್ದೇ ತಡ, ನನ್ನ ಹೊಟ್ಟೆಯೊಳಗಿನ ಮದುವೆಯ ಊಟ ತನ್ನ ಅಭಿಪ್ರಾಯ ಹೇಳತೊಡಗಿತು. ಮೊದಲು ಕಣ್ಣು ಮುಚ್ಚಿದೆ. ತೆರೆದೆ. ಶಿವಶಿವಾ ಎಂದೆ. ಆಮೇಲೆ ನಡೆದದ್ದನ್ನು ವಿವರಿಸುವುದು ಸಭ್ಯತೆಯಲ್ಲ. ಕಟಕಟೆ ಹಿಡಿದು ಬಗ್ಗಿದವನು ಆ ದಡ ಬರುವವರೆಗೂ ತಲೆ ಎತ್ತಲಿಲ್ಲ. ಮಹಾನಂದಾ ಒಂದು ಕೈಯಿಂದ ನನ್ನ ಬೆನ್ನು ನೀವುತ್ತಿದ್ದಳು. ನಡುವೆ ಒಮ್ಮೆ ಕತ್ತು ಹೊರಳಿಸಿ ಮೇಲೆ ನೋಡಿದೆ. ಬೆನ್ನು ನೀವುವ ಕೈಯಷ್ಟೇ ನನ್ನದಾಗಿತ್ತು. ಮುಖ ಸಮುದ್ರದ ಕಡೆಗಿತ್ತು. ಸೆರಗು ಗಾಳಿಗೆ ಹಾರಿ ಪಕ್ಕದಲ್ಲಿ ಕೂತ ಮೀನಿನ ಬುಟ್ಟಿಯ ಹೆಂಗಸಿನ ಮುಖಕ್ಕೆ ಬಡಿಯುತ್ತಿತ್ತು, ಇಬ್ಬರೂ ಯಾವುದಕ್ಕೋ ನಗುತ್ತಿದ್ದರು. ಓಣಿಯಲ್ಲಿ ಮೀನಿನ ವಾಸನೆ ಬಂದರೆ ಕಿಟಕಿ ಹಾಕುವ ನನ್ನ ಹೆಂಡತಿ ಆ ಬುಟ್ಟಿಗೆ ಮೊಣಕೈ ಆನಿಸಿ ಕೂತಿದ್ದಳು.

ದಡದಲ್ಲಿ ಒಂದು ಎಳನೀರು ಕುಡಿಸಿ, ನನ್ನ ಮುಖ ನೋಡಿ, ಆಕೆ ಹೇಳಿದಳು: "ಆತು ಬಿಡ್ರಿ. ನೋಡ್ದಾಂಗ ಆತಲಾ. ಆ ಹಡಗಿನ ಮಾತು ಇನ್ನ ಬ್ಯಾಡ."

ಎಷ್ಟು ಹಗುರಾಗಿ ಹೇಳಿದಳೆಂದರೆ, ನಾನು ಅಲ್ಲಿಯೇ ಒಪ್ಪಿಬಿಡಬಹುದಿತ್ತು. ದುಡ್ಡು ಉಳಿಯುತ್ತಿತ್ತು, ಹೊಟ್ಟೆಯೂ ಉಳಿಯುತ್ತಿತ್ತು, ಬಿಟ್ಟವಳು ಆಕೆಯೇ ಆದ್ದರಿಂದ ಹೆಸರೂ ಉಳಿಯುತ್ತಿತ್ತು. ಇಷ್ಟು ಸಸ್ತಾದಲ್ಲಿ ಕುದುರುವ ಸೌದಾ ನನಗೆ ಜೀವಮಾನದಲ್ಲಿ ಸಿಕ್ಕಿಲ್ಲ. ಅದಕ್ಕೇ ಸಂಶಯ ಬಂತು. ಎದುರಿನವನು ಒಮ್ಮೆಲೇ ಇಳಿದನೆಂದರೆ, ಅವನಿಗೆ ಎಲ್ಲೋ ಪೆಟ್ಟು ಬಿದ್ದಿದೆ ಎಂದೇ ಅರ್ಥ.

ಉದಗೀರಕ್ಕೆ ಬರುವ ರೈಲಿನಲ್ಲಿ ಕೂತು ಯೋಚಿಸುತ್ತಿದ್ದೆ. ದಾರೂ ಕಳೆದೆ, ಮೀನು ಕಳೆದೆ, ಈಜುಕೊಳ ಕಳೆದೆ. ಕಳೆಯಲೇಬೇಕಾಗಿದ್ದ ಒಂದು ದೊಡ್ಡ ವಸ್ತು ಹಾಗೆಯೇ ಉಳಿದುಬಿಟ್ಟಿತ್ತಲ್ಲ. ನಾನು! ನನ್ನ ಕಡತಾ ಹಿಡಿದರೆ ಅರ್ಧಕ್ಕರ್ಧ ಬೆಲೆ ಅಲ್ಲೇ ಇಳಿಯಿತು. ಆದರೆ ಆಕೆ ಒಬ್ಬಳೇ ಹೋಗುವವಳಲ್ಲ, ಕೋಣೆಯೋ ಇಬ್ಬರದು. ಉಮರ್ಗಾದಲ್ಲಿ ಆಕೆಯ ತಂಗಿ ಸುನಂದಾ ಇದ್ದಾಳೆ, ಕಟ್‌ಪೀಸ್ ಬಟ್ಟೆಯ ಅಂಗಡಿ ನಡೆಸುವವಳು, ನನಗಿಂತ ಗಟ್ಟಿಗಿತ್ತಿ. ರೈಲಿನಿಂದಲೇ ಫೋನು ಹಚ್ಚಿ ವಿಷಯ ಹೇಳಿದೆ.

"ಭಾವಾ, ಮಸ್ಕರಿ ಮಾಡ್ತೀರೇನು?" ಎಂದಳು. "ನೀವು ರೊಕ್ಕಾ ಕೊಟ್ಟು, ನಾವಿಬ್ಬರು ಹಡಗ ಹತ್ತೂದಾ? ಜ್ವರಾ ಗಿರಾ ಬಂದಾದೇನು?"

"ಜ್ವರಾ ಇಲ್ಲ ತಂಗೀ. ನಿಮ್ಮ ಅಕ್ಕಗ ಜೋಡಿ ಬೇಕು. ಅರ್ಧಾ ನಂದು, ಅರ್ಧಾ ನಿಂದು."

"ಹಾಂಗ ಅನ್ರಿ ಮತ್ತ! ಈಗ ನಮ್ಮ ಭಾವಾನೇ ಮಾತಾಡ್ಯಾರ ಅನಸ್ತು."

ಎದುರಿನ ಸೀಟಿನಲ್ಲಿ ಮಹಾನಂದಾ ಇದನ್ನೆಲ್ಲ ಕೇಳುತ್ತಾ ಕಿಟಕಿಯ ಹೊರಗೆ ನೋಡುತ್ತಿದ್ದಳು. ಫೋನು ಮುಗಿದ ಮೇಲೆ, "ಮಂದಿ ಏನಂದಾರು?" ಎಂದಳು. ಮಂದಿಯನ್ನು ಆರಿಸಿ ತೆಗೆದಿದ್ದಕ್ಕೇ ಅಲ್ಲವೇ ಇಷ್ಟು ದರ ಎಂದೆ. ಆಕೆ ನಕ್ಕಳು. ಆ ಕ್ಷಣಕ್ಕೆ ನನ್ನ ಹೊಟ್ಟೆ ಪೂರ್ತಿ ನೆಟ್ಟಗಾಯಿತು.

ಯಾರಾದರೂ ಇಂಥ ಹಡಗಿನ ವಿಚಾರದಲ್ಲಿದ್ದರೆ, ಅನುಭವಿಯ ಮಾತು ಕೇಳಿ. ಕೋಣೆಯನ್ನು ಹಡಗಿನ ಮಧ್ಯಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ ಕೇಳಿ ಪಡೆಯಿರಿ, ಅಲ್ಲಿ ತೂಗಾಟ ಕಡಿಮೆ. ಮಳೆಗಾಲದ ಹತ್ತಿರ ಹೋಗಬೇಡಿ. ದಡಕ್ಕಿಳಿದು ಊರು ನೋಡುವ ಖರ್ಚು ದರದಲ್ಲಿದೆಯೋ ಬೇರೆಯೋ ಎಂದು ಬರೆಸಿಕೊಳ್ಳಿ. ಎಲ್ಲಕ್ಕಿಂತ ಮುಖ್ಯ, ಒಬ್ಬರ ಆಸೆಗೆ ಇಬ್ಬರ ಟಿಕೀಟು ತೆಗೆಯಬೇಡಿ. ಜೊತೆಗಿದ್ದೇ ಸುಖ ಕೊಡಬೇಕೆಂದು ಯಾರು ಹೇಳಿದರು? ಕೆಲವು ಸುಖಗಳನ್ನು ದಡದಲ್ಲಿ ನಿಂತೂ ಕೊಡಬಹುದು, ಅದು ಅಗ್ಗವೂ ಹೌದು.

ಇದನ್ನು ಬರೆಯುತ್ತಿರುವಾಗ ಅಕ್ಕತಂಗಿಯರು ಲಕ್ಷದ್ವೀಪದ ದಾರಿಯಲ್ಲೆಲ್ಲೋ ಇದ್ದಾರೆ. ದರದಲ್ಲಿ ಎಲ್ಲ ಊಟವೂ ಸೇರಿದೆ ಎಂದು ಎಷ್ಟು ಹೇಳಿದರೂ ಕೇಳದೆ, ಒಂದು ಗಂಟು ಕಡಕ್ ರೊಟ್ಟಿ, ಒಂದು ಡಬ್ಬಿ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಒಯ್ದಿದ್ದಾರೆ. ಮೂರು ದಿನ ಫೋನು ಹತ್ತಲಿಲ್ಲ. ಸೊಸೆಯ ಮುಂದೆ ಧೈರ್ಯದಿಂದ ಓಡಾಡಿದೆನಾದರೂ, ಎದೆಯ ಮೇಲೊಂದು ತುಂಬಿದ ಚೀಲ ಇಟ್ಟ ಹಾಗಾಗಿತ್ತು. ಎಷ್ಟೆಂದರೂ ಕೊಡಿಸಿದವನು ನಾನು. ಮಾಲು ಕೆಟ್ಟದ್ದು ಬಂದಿದ್ದರೆ?

ನಿನ್ನೆ ಮಧ್ಯಾಹ್ನ ಯಾವುದೋ ಬಂದರಿನಿಂದ ಫೋನು ಬಂತು. ಗಾಳಿಯ ಸಪ್ಪಳ, ನಗು, ಹಿಂದಿನಿಂದ ಯಾರದೋ ಹಿಂದಿ.

"ಹ್ಯಾಂಗ ಅದ? ವಾಂತಿ ಗೀಂತಿ ಆಯ್ತೇನು? ಊಟಾ ಹಿಡಸ್ತದಾ? ಕೊಟ್ಟ ರೊಕ್ಕಕ್ಕ ಸಮಾ ಅದಾ?"

"ತಡೀರಿ ತಡೀರಿ," ಎಂದಳು ಮಹಾನಂದಾ. "ಅಡಗಿಯಂವಾ ಹಿಂಡಿ ಹ್ಯಾಂಗ ಕುಟ್ಟಿರಿ ಅಂತ ಕೇಳ್ಯಾನ, ಸುನಂದಾ ಅಂವಗ ತಪ್ಪು ಹೇಳಿ ಕೊಡ್ಲತಾಳ. ಅಯ್ಯ, ಅಲ್ಲಿ ನೋಡು, ನೋಡು! ರೀ, ಇಡ್ತೀನಿ. ಆಮ್ಯಾಲ ಮಾತಾಡೂಣು."

ಇಟ್ಟೇಬಿಟ್ಟಳು. ಏನನ್ನು ನೋಡಿದಳೋ ನನಗೆ ಗೊತ್ತಿಲ್ಲ. ಆಮೇಲೆ ಎಂದವಳ ಫೋನು ಇಂದಿನವರೆಗೂ ಬಂದಿಲ್ಲ. ಆದರೆ ಎದೆಯ ಮೇಲಿನ ಚೀಲ ಇಳಿದಿದೆ. ಇಷ್ಟು ವರ್ಷ ಗಿರಣಿಯಲ್ಲಿ ಕೂತು ಒಂದು ಮಾತು ಖಚಿತವಾಗಿ ತಿಳಿದಿದ್ದೇನೆ: ಬೇಳೆ ಬೇಯದಿದ್ದರೆ ಗಿರಾಕಿ ಸಂಜೆಯೊಳಗೆ ಬಾಗಿಲಿಗೆ ಬಂದು ನಿಂತಿರುತ್ತಾನೆ. ಬೆಂದಿತೋ, ನನ್ನ ನೆನಪೇ ಇಲ್ಲದೆ ಮನೆಯಲ್ಲಿ ಉಣ್ಣುತ್ತಿರುತ್ತಾನೆ.